ರಬ್ಬರಿನ ಗಂಟಲು

ತರಕಾರಿ ಮಂಡಿಯಲ್ಲಿ ಹರಾಜು ಕೂಗಿ ಕೂಗಿ ಅಕ್ಕನ ಗಂಟಲಲ್ಲಿ ಗಂಟಾಗಿತ್ತು. ಮರುದಿನ ಆಪರೇಷನ್ನು. ಒಪ್ಪಿಗೆ ಕಾಗದಕ್ಕೆ ಸಂಜೆಯೊಳಗೆ ಸಹಿ ಹಾಕಬೇಕು. ಹಳೇ ದನಿ ಬರುತ್ತಾ ಎಂದರೆ ಡಾಕ್ಟರು "ಬರಬಹುದು" ಅಂದರು. ಬರಬಹುದಂತೆ! ಅಷ್ಟು ಹೇಳೋಕೆ ಅಷ್ಟು ಓದಬೇಕಾ?

ನಾನು ಎಂಟನೇ ಕ್ಲಾಸಿಗೇ ಶಾಲೆಗೆ ಎಳ್ಳುನೀರು ಬಿಟ್ಟವನು. ಹತ್ತು ವರ್ಷ, ನೀರು ಸೋರದಂತೆ ತಡೆಯುವ ಪಂಪಿನ ವಾಷರ್ ಎರಕ ಹೊಯ್ದೆ. ಈಗ ದನಿಯ ಸಂಶೋಧನೆ ಮಾಡುವ ಒಬ್ಬ ಮೇಡಂ ಅವರ ಲ್ಯಾಬಿನಲ್ಲಿ ಸಿಲಿಕೋನ್ ರಬ್ಬರಿನ ಸ್ವರತಂತು ಮಾಡುತ್ತೇನೆ. ತಂತು ಅಂದರೆ ತಂತಿಯಲ್ಲ, ಗಂಟಲೊಳಗೆ ಎದುರುಬದುರು ಕೂತ ಎರಡು ಮೆತ್ತನೆ ಮಡಿಕೆ. ಕೆಳಗಿಂದ ಗಾಳಿ ಬಿಟ್ಟರೆ ಅದುರಿ ದನಿ ಬರಬೇಕು.

ಡಾಕ್ಟರು ಹೇಳದಿದ್ದರೆ ರಬ್ಬರು ಹೇಳುತ್ತೆ ಎಂದು, ಅಕ್ಕನ ಗಂಟಲಿನ ಫೋಟೋ ನೋಡಿ ಗಂಟಿರುವ ಜೋಡಿಗಳನ್ನು ಎರಕ ಹೊಯ್ದೆ. ಒಂದರ ಗಂಟನ್ನು ಬ್ಲೇಡಿನಲ್ಲಿ ಕೊಯ್ದು ಗಾಳಿ ಬಿಟ್ಟೆ. ಪಿಟ್ಟೆನ್ನಲಿಲ್ಲ. ಇನ್ನೂ ಜೋರಾಗಿ ಬಿಟ್ಟೆ, ಊಹೂಂ.

ಮೇಡಂ ಬಗ್ಗಿ ನೋಡಿದರು. "ಏನಯ್ಯಾ, ಹೀಗೆ ಬಿಗಿದಿದ್ದೀಯ? ಇದು ಗಂಟಲೋ ಪಂಪೋ?"

"ಒಂಚೂರೂ ಸೋರಲ್ಲ ಮೇಡಂ!"

"ಸೋರಬೇಕು ಕಣಯ್ಯಾ. ತೆರೆದು ಮುಚ್ಚಿ, ತೆರೆದು ಮುಚ್ಚಿ ಗಾಳಿ ಸೋರಿದ್ರೇನೇ ದನಿ."

ಸಿಟ್ಟು ನೆತ್ತಿಗೇರಿತು, ಯಾರ ಮೇಲೆ ಅಂತ ತಿಳಿಯಲಿಲ್ಲ. ಸಡಿಲಿಸಿದೆ. ಭೊಂಯ್ ಅಂತು. ಅದೇ ಅಚ್ಚಿನ ಇನ್ನೊಂದನ್ನು ಅಷ್ಟೇ ಕೊಯ್ದೆ, ಕೀರಲು. ಮೂರನೆಯದು ಬರೀ ಬುಸ್ಸು.

"ಇದರಲ್ಲಿ ನಮ್ಮಕ್ಕಂದು ಯಾವುದು?"

"ಯಾವುದೂ ಅಲ್ಲ. ದನಿ ಹೇಗೆ ಹುಟ್ಟುತ್ತೆ ಅಂತ ತಿಳಿಯೋಕೆ ಇದು. ನಿಮ್ಮಕ್ಕನ ಗಾಯ ಹೇಗೆ ಮಾಯುತ್ತೆ ಅಂತ ರಬ್ಬರಿಗೇನು ಗೊತ್ತು?"

"ಮತ್ತೆ ನಾನಿಲ್ಲಿ ಕತ್ತೆ ಕಾಯ್ತಿದ್ದೀನಾ?" ಎಂದು ಕಿರುಚಿ ಮನೆಗೆ ಬಂದೆ.

ಅಕ್ಕ ಕಾಗದ ಮುಂದಿಟ್ಟುಕೊಂಡು ಕೂತಿದ್ದಳು. "ಬಂದ ನೋಡು ವಿಜ್ಞಾನಿ. ಏನಂತು ನಿನ್ನ ರಬ್ಬರು? ಸಹಿ ಹಾಕ್ಲಾ?" ಕೊನೆಯ ಮಾತು ಬಾಯಿಂದ ಹೊರಟಿತೇ ಹೊರತು ದನಿಯಾಗಲಿಲ್ಲ.

ಹಾಕು ಎನ್ನಲು ಬಾಯಿ ತೆರೆದರೆ ಆ ಬುಸ್ಸು ನೆನಪಾಯಿತು. "ಒಂದು ಹೀಗಂತು, ಒಂದು ಹಾಗಂತು. ನಂಗೇನೂ ತಿಳೀತಿಲ್ಲ ಕಣೇ ಅಕ್ಕಾ."

ಬೈಯುತ್ತಾಳೆ ಅಂದುಕೊಂಡೆ. ಅವಳು ಪೆನ್ನಿನ ಮುಚ್ಚಳ ತೆಗೆದು, "ಈ ದನಿಗೆ ಮಂಡೀಲಿ ಒಂದು ಟೊಮೇಟೊನೂ ಹೋಗಲ್ಲ, ಅಷ್ಟಂತೂ ನಂಗೆ ಗೊತ್ತು," ಎಂದು ಪಿಸುಗುಟ್ಟಿ ಸಹಿ ಹಾಕಿದಳು. ಕೆಳಗೆ ಮನೆಯವರ ಸಹಿಗೊಂದು ಗೆರೆಯಿತ್ತು. ಪೆನ್ನು ನನ್ನತ್ತ ದೂಡಿದಳು. ಹಾಕಿದೆ.

ಈಗ ಅವಳು ಆಪರೇಷನ್ ಕೋಣೆಯ ಒಳಗಿದ್ದಾಳೆ. ನಾನು ಬಾಗಿಲೆದುರು ಬೆಂಚಿನ ಮೇಲೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ, ಒಂದೂ ತಿಳಿಯುತ್ತಿಲ್ಲ.