ಕೆಂಪಾಜಮ್ಮನ ಕಿವಿಗೆ ಸಿಗದ ರೈಲು

ಕೆ.ಆರ್. ನಗರದ ಕಡೆಯ ಆ ಸಣ್ಣ ಸ್ಟೇಷನ್ನಿನಲ್ಲಿ ಊರು ಹಳಿಯ ಈಚೆ, ಪ್ಲಾಟ್‌ಫಾರಂ ಆಚೆ. ಗೇಟು ಬಳಸಿ ಹೋದರೆ ಹತ್ತು ನಿಮಿಷ, ಹಳಿ ದಾಟಿದರೆ ಹತ್ತು ಹೆಜ್ಜೆ. ಬೆಳಗಿನ ರೈಲಿಗೆ ಮೈಸೂರಿಗೆ ಸೊಪ್ಪು ಮಾರಲು ಹೋಗುವ ಏಳು ಹೆಂಗಸರೂ ಹತ್ತು ಹೆಜ್ಜೆಯ ದಾರಿಯವರೇ. ಅವರ ಮುಂದಾಳು ಕೆಂಪಾಜಮ್ಮ. ಕಣ್ಣಿಗೆ ಪೊರೆ ಬಂದಿದ್ದರೂ ಕಿವಿ ಚುರುಕು. ಕೆರೆ ಏರಿಯ ಹತ್ತಿರ ಇಂಜಿನ್ನಿನ ಗುಡುಗುಡು ಕೇಳುವವರೆಗೂ ಹೊತ್ತಿದೆ ಎಂಬುದು ಆಕೆಯ ಲೆಕ್ಕ. ಆಕೆ "ನಡೀರವ್ವ" ಅಂದರೆ ಸಾಕು, ಹಿಂದೆ ತಲೆಯ ಮೇಲಿದ್ದ ಆರು ಸೊಪ್ಪಿನ ಪುಟ್ಟಿಗಳೂ ಹಳಿ ದಾಟುತ್ತಿದ್ದವು.

ಒಂದು ಸಂಜೆ ಗೇಟ್ ಕಾಯುವ ಶಾಂತಲಾ ಬಂದಳು. "ಅತ್ತೆ, ಮಂಗಳವಾರ ಹೊಸ ರೈಲು ಬತ್ತದೆ, ಓಡ್ಸಿ ನೋಡಾಕೆ. ಹೈಬ್ರಿಡ್ಡು. ಡೀಸೆಲ್ಲೂ ಅದೆ, ಬ್ಯಾಟರೀನೂ ಅದೆ."

"ಹೈಬ್ರಿಡ್ ಟೊಮೆಟೊ ಕೇಳಿವ್ನಿ. ರೈಲಿಗೂ ಬೀಜ ಬಂತಾ?"

"ನಗಾಡ್ಬ್ಯಾಡ ಅತ್ತೆ. ದೂರದ ಓಟಕ್ಕೆ ಡೀಸೆಲ್ಲು, ಊರ ಹತ್ರ ಬ್ಯಾಟರಿ. ಬ್ರೇಕ್ ಹಾಕ್ದಾಗ ಗಾಲಿಯ ಓಟ ಕರೆಂಟಾಗಿ ಬ್ಯಾಟರಿ ಸೇರ್ತದೆ. ಪದೇ ಪದೇ ನಿಲ್ಲೋ ನಮ್ಮ ರೈಲಿಗೆ ಅದೇ ಲಾಭ. ಹೊಗೆ ಕಮ್ಮಿ, ಡೀಸೆಲ್ ಕಮ್ಮಿ."

"ತಡೆದ್ರೆ ಶಕ್ತಿ ಹೋಯ್ತದೆ ಕಣವ್ವ, ಎಲ್ಲಿಂದ ಬತ್ತದೆ?"

"ಮಾವನ ಸೈಕಲ್ ಡೈನಮೋ ಮರ್ತೋದ್ಯಾ? ಗಾಲಿಗೆ ತಾಗ್ಸಿದ್ರೆ ತುಳಿಯೋದು ಭಾರ, ಆದ್ರೆ ದೀಪ ಉರೀತದೆ. ಅಂಗೇಯ."

ಆ ಸೈಕಲ್ ನೆನಪಾಗಿ ಕೆಂಪಾಜಮ್ಮ ನಕ್ಕಳು. ಶಾಂತಲಾ ದನಿ ತಗ್ಗಿಸಿದಳು. "ಬ್ಯಾಟರೀಲಿ ಬರುವಾಗ ಸದ್ದಿರಾಕಿಲ್ಲ. ನಿನ್ ಕಿವಿ ನಂಬಿ ಆರು ಜನ ದಾಟ್ತಾವ್ರೆ, ಅತ್ತೆ."

"ನನ್ ಕಿವಿ ತಪ್ಪಾಕಿಲ್ಲ ಬುಡು. ಹಳಿಗೆ ಬೆನ್ನು ಮಾಡಿ ನಿಂತ್ಕತೀನಿ. ರೈಲು ಎಲ್ಲದೆ ಅಂತ ನಾನೇ ಹೇಳ್ತೀನಿ."

ಮಂಗಳವಾರ ಶಾಂತಲಾಗೆ ರಜೆ. ಪ್ಲಾಟ್‌ಫಾರಮ್ಮಿನ ಗೋಡೆಯ ಪಕ್ಕ ಕೆಂಪಾಜಮ್ಮನನ್ನು ಹಳಿಗೆ ಬೆನ್ನು ಮಾಡಿ ನಿಲ್ಲಿಸಿದಳು, ಉಳಿದ ಆರು ಹೆಂಗಸರೂ ಜೊತೆಗಿದ್ದರು. ಏರಿಯ ಆಚೆ ದೂರದ ಗೇಟಿನಲ್ಲಿ ರೈಲಿನ ಹಾರನ್ ಕೇಳಿತು. ಕೆಂಪಾಜಮ್ಮ ಬೆರಳೆತ್ತಿದಳು. "ಈಗ ಗೇಟು. ಇನ್ನು ಏರಿ."

ಕಿವಿಗೊಟ್ಟಳು. ಗುಡುಗುಡು ಇಲ್ಲ. ಬೆನ್ನಿಗೆ ಗಾಳಿ ಬೀಸಿದಂತಾಯಿತು, ಅಷ್ಟೆ.

"ಏರಿಗೇ ಬಂದಿಲ್ಲ ಕಣ್ರವ್ವ. ಟೈಮದೆ, ದಾಟ್ಬೋದು."

"ತಿರುಗು ಅತ್ತೆ," ಅಂದಳು ಶಾಂತಲಾ.

ತಿರುಗಿದಳು. ನಾಲ್ಕು ಮಾರು ದೂರದಲ್ಲಿ ರೈಲು ನಿಂತಿತ್ತು. ಬಾಗಿಲು ಆಗಲೇ ತೆರೆದಿತ್ತು. ಇವರು ದಿನಾ ದಾಟುವ ಜಾಗದ ಮೇಲೇ ಅದರ ಗಾಲಿ.

ಕೆಂಪಾಜಮ್ಮ ಪಕ್ಕದಲ್ಲಿದ್ದ ಆರೂ ಹೆಂಗಸರ ಹೆಗಲನ್ನು ಒಬ್ಬೊಬ್ಬರದಾಗಿ ಮುಟ್ಟಿ ನೋಡಿದಳು.

"ರೈಲು ಒಳ್ಳೇದೇ ಕಣವ್ವ, ಬರ್ಲಿ," ಅಂದಳು ಕೊನೆಗೆ. "ನನ್ ಲೆಕ್ಕಾನೇ ಹಳೇದು."

ಮಾರನೆಯ ಬೆಳಿಗ್ಗೆ ಬರುವುದಿದ್ದದ್ದು ಹಳೇ ಡೀಸೆಲ್ ರೈಲೇ. ಆದರೂ ಏಳು ಪುಟ್ಟಿಗಳು ಹತ್ತು ನಿಮಿಷ ಮೊದಲೇ ಹೊರಟು ಗೇಟಿನ ದಾರಿ ಹಿಡಿದವು.

ನಿಮ್ಮ ಊರಿಗೂ ಇಂಥ ರೈಲು ಬಂದರೆ ಹತ್ತಿ, ಓಡಾಡಿ, ಅನುಮಾನವಿದ್ದರೆ ಕೇಳಿ. ಆದರೆ ಸದ್ದನ್ನು ನಂಬಿ ಹಳಿಗೆ ಕಾಲಿಡಬೇಡಿ. ಗೇಟಿನಲ್ಲೇ, ಎರಡೂ ಕಡೆ ಕಣ್ಣಾರೆ ನೋಡಿ ದಾಟಿ. ಹೆಜ್ಜೆ ಎತ್ತುವ ಮುನ್ನ ಒಮ್ಮೆ ಹಿಂದೆ ತಿರುಗಿ, ನಿಮ್ಮನ್ನು ನಂಬಿ ಬರುತ್ತಿರುವವರು ಎಷ್ಟು ಜನ ಅಂತ ಎಣಿಸಿಕೊಳ್ಳಿ.