ಕ್ಯಾಂಟೀನಮ್ಮನಿಗೊಂದು ಹೋಟೆಲು

ಕಾರಿರುವವರಿಗಾಗಿಯೇ ಕಟ್ಟಿದ ಊರುಗಳಿರುತ್ತವೆ. ಅಂಥ ಊರಿನಲ್ಲಿ ನಡೆದು ಹೋಗುವವರನ್ನು ಕಂಡರೆ ನಾಯಿಗೂ ಅನುಮಾನ. ಫುಟ್‌ಪಾತು ನಾಲ್ಕು ಮನೆ ದಾಟುವಷ್ಟರಲ್ಲಿ ಹುಲ್ಲಿನೊಳಗೆ ಕರಗಿಹೋಗುತ್ತದೆ. ಬಸ್ಸು ಮನಸ್ಸು ಬಂದಾಗ ಬರುತ್ತದೆ. ಹೋಟೆಲುಗಳೆಲ್ಲ ಹೆದ್ದಾರಿಯ ಆಚೆ ಬದಿಗೆ, ತಮಗಿಂತ ದೊಡ್ಡ ಪಾರ್ಕಿಂಗ್ ಜಾಗವನ್ನು ಮುಂದೆ ಹರಡಿಕೊಂಡು ಕೂತಿರುತ್ತವೆ. ಕ್ಯಾಂಟೀನಮ್ಮ ಮತ್ತು ಅವಳ ಗಂಡ ಬಂದು ನೆಲೆಸಿದ್ದು ಇಂಥದೊಂದು ಊರಿಗೆ.

ಕ್ಯಾಂಟೀನಮ್ಮ ಎಂಬ ಹೆಸರು ಕಾರ್ಖಾನೆಯವರು ಇಟ್ಟದ್ದು. ಮದುವೆಗೆ ಮುಂಚಿನಿಂದ ನಿವೃತ್ತಿಯವರೆಗೂ ಅವಳು ಅಲ್ಲಿನ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವಳು. ಗಂಡ ಅದೇ ಕಾರ್ಖಾನೆಯ ಬಸ್ಸು ಓಡಿಸುತ್ತಿದ್ದ. ಜನ್ಮವೆಲ್ಲ ಊರವರನ್ನು ಹೊತ್ತು ತಿರುಗಿದ ಮನುಷ್ಯ ಸ್ವಂತಕ್ಕೆಂದು ಒಂದು ಕಾರು ಕೊಳ್ಳಲಿಲ್ಲ. ಕೊಳ್ಳೋಣವೆನ್ನುವ ಹೊತ್ತಿಗೆ ಕಣ್ಣು ಕೈಕೊಟ್ಟು ಲೈಸೆನ್ಸೂ ಹೋಯಿತು. ಕಂಪನಿಯ ಮನೆ ಬಿಡಬೇಕಾಗಿ ಬಂದಾಗ, ಬಾಡಿಗೆ ಕಡಿಮೆಯೆಂದು ಈ ಊರಿನಲ್ಲಿ ಮಹಡಿಯ ಮೇಲೆ ಎರಡು ಕೋಣೆ ಹಿಡಿದರು.

ಇಲ್ಲಿಗೆ ಬಂದ ಮೇಲೆ ಅವಳಿಗೆ ಊಟ ಸೇರದಾಯಿತು. ಒಲೆಯ ಮುಂದೆ ನಿಂತರೆ ವಾಸನೆಗೇ ಹೊಟ್ಟೆ ತುಂಬಿಬಿಡುತ್ತಿತ್ತು. ಗಂಡನಿಗೆ ಬಡಿಸಿ, ತನ್ನ ತಟ್ಟೆಯಲ್ಲಿ ಎರಡು ತುತ್ತು ಕೆದಕಿ ಎದ್ದುಬಿಡುವಳು. ಮಣಿಕಟ್ಟಿನಲ್ಲಿ ಬಿಗಿಯಾಗಿದ್ದ ಬಳೆ ಮೊಣಕೈಯತನಕ ಜಾರತೊಡಗಿತು. ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ ಕನ್ನಡಕ ತೆಗೆದರು.

"ಕಾಯಿಲೆ ಏನೂ ಇಲ್ಲಮ್ಮ. ನಿಮ್ಮ ಕೈ ಅಡುಗೆ ನಿಮಗೇ ಸಾಕಾಗಿದೆ. ಬೇರೆಯವರು ಮಾಡಿದ್ದು ತಿನ್ನಿ. ತೂಕ ಹೀಗೇ ಇಳೀತಾ ಹೋದ್ರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಗೆ ಹಾಕಬೇಕಾಗುತ್ತೆ, ಆಮೇಲೆ ನನ್ನ ಬೈಕೋಬೇಡಿ."

ಬೇರೆಯವರು ಮಾಡಿದ್ದು ತಿನ್ನುವುದು! ಹೋಟೆಲಿನವರ ಮೇಲೆ ಅವಳಿಗಿದ್ದಷ್ಟು ಅನುಮಾನ ಪೊಲೀಸರಿಗೆ ಕಳ್ಳರ ಮೇಲೂ ಇರಲಿಕ್ಕಿಲ್ಲ. ದೊಡ್ಡ ಅಡುಗೆಮನೆಯಲ್ಲಿ ಏನೇನು ನಡೆಯುತ್ತದೆಂಬುದು ಅವಳಿಗೆ ಗೊತ್ತಿತ್ತು. ನಿನ್ನೆಯ ಅನ್ನ ಇವತ್ತು ಯಾವ ವೇಷ ಹಾಕಿಕೊಂಡು ಬರುತ್ತದೆ, ಬಾಡಿದ ತರಕಾರಿಯ ಮುಖಕ್ಕೆ ಏನು ಬಳಿಯುತ್ತಾರೆ, ಎಲ್ಲ ಕಂಡವಳು. ಗೊತ್ತಿದ್ದೂ ಗೊತ್ತಿದ್ದೂ ಬಾಯಿಗೆ ಹಾಕಿಕೊಳ್ಳುವುದು ಹೇಗೆ?

ಗಂಡ ಹಟ ಬಿಡಲಿಲ್ಲ. ಪ್ರತಿ ಭಾನುವಾರ ಒಂದು ಹೋಟೆಲು ಎಂದು ಗೊತ್ತುಮಾಡಿದ. ಮೊದಲು ರೈಲು ನಿಲ್ದಾಣದ ಪಕ್ಕದ್ದು. ಅಲ್ಲಿ ಸೂಪು ಬಂತು. ಅವಳು ಚಮಚ ಎತ್ತಿ, ಮೂಗಿನ ಹತ್ತಿರ ತಂದು, ಮೆಲ್ಲಗೆ ಕೆಳಗಿಟ್ಟಳು.

"ನಿನ್ನೇದು."

"ಹೊಗೆ ಆಡ್ತಾ ಇದೆಯಲ್ಲೇ!"

"ನಿನ್ನೇದನ್ನ ಬಿಸಿ ಮಾಡಿದ್ರೂ ಹೊಗೆ ಆಡುತ್ತೆ ಕಣ್ರೀ."

ಮುಂದಿನ ವಾರ ಹೆದ್ದಾರಿಯಾಚೆಯ ಮಾಲು. ಅಲ್ಲಿಗೆ ಹೋಗಲು ಬಸ್ಸಿಳಿದು, ಜೀವ ಕೈಯಲ್ಲಿ ಹಿಡಿದು ರಸ್ತೆ ದಾಟಿ, ಪಾರ್ಕಿಂಗ್ ಜಾಗದ ಬಿಸಿಲಿನಲ್ಲಿ ಕಾರುಗಳ ನಡುವೆ ನುಸುಳಬೇಕು. ಒಳಗೆ ತಣ್ಣಗಿತ್ತು, ಮೆನು ಪುಸ್ತಕದ ಹಾಗಿತ್ತು. "ಇಷ್ಟು ಬಗೆ ಬರೆದವನ ಹತ್ರ ಒಲೆ ಇರಲ್ಲ, ಫ್ರೀಜರ್ ಇರುತ್ತೆ ಅಷ್ಟೆ" ಎಂದು ಅವಳು ಬರೀ ನೀರು ಕುಡಿದು ಎದ್ದಳು. ಆಮೇಲೆ ಬಸ್ ಡಿಪೋ ಎದುರಿನದ್ದು, ಪೆಟ್ರೋಲ್ ಬಂಕಿನದ್ದು, ಒಂದು ಹಸಿರು ಬೋರ್ಡಿನದ್ದು. ಒಂದೊಂದಕ್ಕೂ ಮೂಗು ಮುರಿದಳು. ಅವಳ ಅಕ್ಕ ಮಾತ್ರ ಫೋನಿನಲ್ಲಿ, "ನಿಮ್ಮ ಭಾವನ ಕಾರಲ್ಲಿ ಬನ್ನಿ, ದೊಡ್ಡ ದೊಡ್ಡ ಹೋಟೆಲಿಗೆ ಹೋಗೋಣ" ಎನ್ನುತ್ತಿದ್ದಳು. ಭಾವನಿಗೆ ಊಟಕ್ಕಿಂತ ಪಾರ್ಕಿಂಗ್ ಮುಖ್ಯ. ಕಾರಿಗೆ ನೆರಳು ಸಿಕ್ಕಿದರೆ ಅದೇ ಒಳ್ಳೆಯ ಹೋಟೆಲು. ಅವರ ಸಹವಾಸ ಬೇಡವೆಂದು ಗಂಡಹೆಂಡಿರಿಬ್ಬರೂ ಒಮ್ಮತದಿಂದ ತೀರ್ಮಾನಿಸಿದ್ದರು.

ಹೀಗಿರುವಾಗ ಒಂದು ಭಾನುವಾರ ಅವನು ಅವಳನ್ನು ಟೈರ್ ಅಂಗಡಿಯ ಹಿಂದಿನ ಓಣಿಗೆ ಕರೆದುಕೊಂಡು ಹೋದ. ಕೆಲವೇ ಮೇಜುಗಳ ಪುಟ್ಟ ಹೋಟೆಲು, ಕಿಟಕಿಗೆ ನೀಲಿ ಪರದೆ. ನಡುವಯಸ್ಸಿನ ಹೆಂಗಸೊಬ್ಬಳು ನಡೆಸುತ್ತಿದ್ದಳು. ಅಡುಗೆ ಅವಳದ್ದೇ, ಬಡಿಸುವುದೂ ಅವಳೇ. ಸೂಪು ಬಂತು. ಕ್ಯಾಂಟೀನಮ್ಮ ಮೂಸಿದಳು. ಮತ್ತೊಮ್ಮೆ ಮೂಸಿದಳು. ಕುಡಿದಳು. ಆಮೇಲೆ ಅನ್ನ, ಬೇಳೆ, ಆಗಷ್ಟೇ ಬೆಂದ ಸೊಪ್ಪು. ತಟ್ಟೆ ಖಾಲಿಯಾದದ್ದು ಕಂಡು ಅವಳಿಗೇ ನಾಚಿಕೆಯಾಯಿತು. ಗಂಡ ಕಿಟಕಿಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡ.

ಅಲ್ಲಿಂದ ಮುಂದೆ ವಾರಕ್ಕೆ ಮೂರು ದಿನ ಅಲ್ಲೇ ಊಟ. ಬಳೆ ಮೆಲ್ಲಗೆ ತನ್ನ ಜಾಗಕ್ಕೆ ಇಳಿಯಿತು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹೊಟ್ಟೆ ತುಂಬಿದ ಮೇಲೆ ತಲೆಗೆ ಬೇರೆ ಕೆಲಸ ಬೇಕಲ್ಲ.

ಮೊದಲನೆಯದಾಗಿ, ಈ ಹೋಟೆಲಿನ ವಿಷಯ ಹೇಳಿದ್ದು ಯಾರು ಎಂದು ಕೇಳಿದರೆ ಅವನು "ಯಾರೋ" ಎಂದ. ಒಂದು ತಿರುವಿನ ಬಗ್ಗೆ ಕೇಳಿದರೆ ಅಲ್ಲಿ ಯಾವ ಬಸ್ಸು ಯಾವಾಗ ಕೆಟ್ಟು ನಿಂತಿತ್ತೆಂದು ಅರ್ಧ ದಿನ ಕೊರೆಯುವ ಮನುಷ್ಯ, ಯಾರೋ ಎಂದು ಮಾತು ಮುಗಿಸಿದ! ಎರಡನೆಯದು, ಟೈರ್ ಅಂಗಡಿಯ ಪಕ್ಕದ ಸಂದಿಯಲ್ಲಿ ಕತ್ತಲಲ್ಲೂ ಕಾಲಿಟ್ಟು ಅಭ್ಯಾಸವಾದವನ ಹಾಗೆ ನಡೆದ. ಮೊದಲ ಸಲ ಬರುವವರು ಹಾಗೆ ನಡೆಯುವುದಿಲ್ಲ. ಹೋಟೆಲಿನ ಹೆಂಗಸು ಏನು ಬೇಕೆಂದು ಇವರನ್ನು ಕೇಳುತ್ತಿರಲಿಲ್ಲ. ತಟ್ಟೆ ಇಡುವಾಗ ಒಮ್ಮೆ ಅವನ ಮುಖ ನೋಡುವಳು, ಅವನು ತಟ್ಟನೆ ಉಪ್ಪಿನ ಡಬ್ಬಿ ನೋಡುವನು. ಬಿಲ್ಲು ಮೇಜಿಗೆ ಬಂದದ್ದನ್ನು ಕ್ಯಾಂಟೀನಮ್ಮ ಒಂದು ದಿನವೂ ಕಾಣಲಿಲ್ಲ.

ಇದರ ಜೊತೆಗೆ ಬೆಳಗಿನ ವಾಕಿಂಗ್ ಒಂದು ಶುರುವಾಗಿತ್ತು. ಬಸ್ಸಿನ ಸೀಟಿನಿಂದ ಕೆಳಗಿಳಿಯಲು ಬೇಸರಪಡುತ್ತಿದ್ದವನು ಈಗ ತಿಂಡಿ ತಿಂದು ಹೊರಟರೆ ಮಧ್ಯಾಹ್ನಕ್ಕೆ ಬರುವನು. ಒಂದು ದಿನ ಅವನು ನೀರಿನ ಲೋಟ ಕೊಡುವಾಗ ಅವಳ ಮೂಗು ನೆಟ್ಟಗಾಯಿತು. ಅವನ ಕೈಗೆ ಹೂವಿನ ವಾಸನೆ. ಹೆಂಗಸರು ಹಚ್ಚಿಕೊಳ್ಳುವ ಕ್ರೀಮು. ಮುಟ್ಟಿ ನೋಡಿದಳು, ಜನ್ಮವೆಲ್ಲ ಸ್ಟಿಯರಿಂಗ್ ಹಿಡಿದು ಗಟ್ಟಿಯಾದ ಅಂಗೈ ಮೆತ್ತಗಾಗಿತ್ತು.

"ಏನ್ರೀ ಇದು ವಾಸನೆ?"

"ಪಾರ್ಕಲ್ಲಿ ಹೂ ಬಿಟ್ಟಿದೆ."

ಈ ಊರಿನಲ್ಲಿ ಪಾರ್ಕೇ ಇರಲಿಲ್ಲ, ಇದ್ದದ್ದೆಲ್ಲ ಪಾರ್ಕಿಂಗ್.

ಅಕ್ಕನಿಗೆ ಹೇಳಬಾರದಿತ್ತು, ಹೇಳಿಬಿಟ್ಟಳು. ಅಕ್ಕ ತಲೆಗೆ ಹುಳ ಬಿಡುವುದರಲ್ಲಿ ಎತ್ತಿದ ಕೈ. "ವಾಸನೆ ಬಂದಿದೆ ಅಂದ್ರೆ ಮನುಷ್ಯರೂ ಇದ್ದೇ ಇರ್ತಾರೆ. ನೀನು ಹೊಟ್ಟೆ ತುಂಬಿತು ಅಂತ ಕೂತಿರು, ಅಲ್ಲಿ ಮನೆ ಮುರೀತಿರುತ್ತೆ. ನೋಡು, ಬೇಕಿದ್ರೆ ನಮ್ಮನೆಗೆ ಬಂದುಬಿಡು, ಕಾರು ಕಳಿಸ್ತೀನಿ."

ಆವತ್ತು ಹೋಟೆಲಿನಲ್ಲಿ ಕ್ಯಾಂಟೀನಮ್ಮನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಬಡಿಸುವವಳ ಕೈ ನೋಡಿದಳು, ಬೆರಳು ನೋಡಿದಳು, ಅವಳು ಬಗ್ಗಿದಾಗ ಅದೇ ಹೂವಿನ ವಾಸನೆ ಮೂಗಿಗೆ ಬಡಿಯಿತು. ಮುಂದಿನ ದಿನವೂ ಎರಡೇ ತುತ್ತು, ಅದರ ಮುಂದಿನ ದಿನ ಅದೂ ಇಲ್ಲ. ಗಂಡ ಅವಳ ತಟ್ಟೆಯನ್ನೇ ನೋಡುತ್ತ ಕೂತ. ಮನೆಯಲ್ಲಿ ತೂಕದ ಯಂತ್ರದ ಮುಳ್ಳು ಮತ್ತೆ ಹಿಂದಕ್ಕೆ ಸರಿಯತೊಡಗಿತು. ನಳಿಗೆ ಹಾಕಿದರೆ ಹಾಕಲಿ, ಆ ಹೆಂಗಸಿನ ಕೈಯ ಅನ್ನ ಮಾತ್ರ ಬೇಡ ಎಂದು ಅವಳು ಮನಸ್ಸಿನಲ್ಲೇ ಶಪಥ ಮಾಡಿದಳು. ಬಟ್ಟೆಯ ಚೀಲವನ್ನೂ ತುಂಬಿಟ್ಟಳು. ಆದರೆ ಕಣ್ಣಾರೆ ಕಾಣದೆ ಹೋಗುವವಳು ಅವಳಲ್ಲ.

ಮರುದಿನ ಅವನು ವಾಕಿಂಗೆಂದು ಹೊರಟ ಮೇಲೆ ಮುಂದಿನ ಬಸ್ಸು ಹಿಡಿದಳು. ಟೈರ್ ಅಂಗಡಿಯ ಮುಂದೆ ಇಳಿದಳು. ಹೋಟೆಲಿನ ಮುಂಬಾಗಿಲ ಕಡೆ ತಲೆಯೂ ಹಾಕಲಿಲ್ಲ. ಹೋಟೆಲಿನವರು ಮುಂಬಾಗಿಲಲ್ಲಿ ನಗುತ್ತಾರೆ, ಹಿಂಬಾಗಿಲಲ್ಲಿ ಬದುಕುತ್ತಾರೆ, ಇದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಖಾಲಿ ಎಣ್ಣೆ ಡಬ್ಬಗಳನ್ನೂ ಈರುಳ್ಳಿ ಚೀಲಗಳನ್ನೂ ದಾಟಿ, ಬೆಕ್ಕಿನ ಹೆಜ್ಜೆಯಿಟ್ಟು, ತೆರೆದ ಬಾಗಿಲ ಪಕ್ಕ ಗೋಡೆಗೆ ಒತ್ತಿಕೊಂಡು ನಿಂತಳು. ಒಳಗೆ ನಲ್ಲಿ ಸುರಿಯುತ್ತಿತ್ತು.

"ಡ್ರೈವರಣ್ಣ, ತಳ ನೋಡಿ ಸ್ವಲ್ಪ. ಜಿಡ್ಡು ಹಾಗೇ ಇದೆ." ಹೋಟೆಲಿನ ಹೆಂಗಸಿನ ದನಿ.

"ಅಲ್ಲೀತನಕ ಕೈ ಹೋಗಲ್ಲ ಕಣಮ್ಮ. ಕಣ್ಣಂತೂ ಮೊದಲೇ ಹೋಗಲ್ಲ."

"ತಿಕ್ಕಿ, ತಿಕ್ಕಿ. ಮುಗಿಸಿ ನನ್ನ ಕ್ರೀಮು ಹಚ್ಕೊಳ್ಳಿ, ಇಲ್ದಿದ್ರೆ ಮತ್ತೆ ಕೈ ಬಿರುಕು ಬಿಟ್ಟು ರಕ್ತ ಬರುತ್ತೆ."

ಕ್ಯಾಂಟೀನಮ್ಮ ಇಣುಕಿದಳು. ಅವಳ ಗಂಡ, ಮನೆಯಲ್ಲಿ ಒಂದು ಲೋಟ ತೊಳೆದು ಅರಿಯದವನು, ಎದೆಯಿಂದ ಪಾದದವರೆಗೆ ಪ್ಲಾಸ್ಟಿಕ್ ಏಪ್ರನ್ ಕಟ್ಟಿಕೊಂಡು, ಅರ್ಧ ಮೈಯನ್ನು ದೊಡ್ಡ ಪಾತ್ರೆಯೊಳಗೆ ತೂರಿಸಿ ತಿಕ್ಕುತ್ತಿದ್ದ. ಪಕ್ಕದಲ್ಲಿ ತೊಳೆಯದ ಪಾತ್ರೆಗಳ ಗುಡ್ಡೆ. ಅವಳಿಗೆ ನಗು ಉಕ್ಕಿ ಬಂತು. ಇಷ್ಟೇನಾ! ಇನ್ನೇನು ನಕ್ಕುಬಿಡಬೇಕು, ಅಷ್ಟರಲ್ಲಿ ಒಲೆಯ ಕಡೆ ಕಣ್ಣು ಹೋಯಿತು. ಒಲೆಯ ಮೇಲೆ ದೊಡ್ಡ ಪಾತ್ರೆಯೊಂದರಲ್ಲಿ ಸೂಪು ಕುದಿಯುತ್ತಿತ್ತು. ಬಾಗಿಲಿನಿಂದಲೇ ಅವಳ ಮೂಗು ಹೇಳಿತು, ನಿನ್ನೆಯದು. ಅದರ ಪಕ್ಕದ ಸಣ್ಣ ಒಲೆಯಲ್ಲಿ, ಒಬ್ಬರಿಗೆ ಸಾಲುವಷ್ಟು ಪುಟ್ಟ ಪಾತ್ರೆಯಲ್ಲಿ, ಹೊಸ ಸೂಪು.

ಅವಳು ಒಳಗೆ ಕಾಲಿಟ್ಟಳು.

"ಹಾಗಾದ್ರೆ ಇದೂ ಎಲ್ಲಾ ಹೋಟೆಲಿನ ಹಾಗೇ."

ಪಾತ್ರೆಯೊಳಗಿದ್ದ ತಲೆ ಹೊರಗೆ ಬಂತು. ಗಡ್ಡಕ್ಕೆ ಸೋಪಿನ ನೊರೆ ಮೆತ್ತಿತ್ತು, ಮುಖ ಇಂಗು ತಿಂದ ಮಂಗನ ಹಾಗಿತ್ತು. ಹೋಟೆಲಿನ ಹೆಂಗಸು ಸೌಟು ಹಿಡಿದು ಹಾಗೇ ನಿಂತಳು.

"ನನ್ನ ಮೂಗಿಗೇ ಮೋಸ ಮಾಡಿದ್ರಲ್ಲಾ ಇಬ್ಬರೂ ಸೇರಿ! ಊರಿಗೆಲ್ಲ ನಿನ್ನೇದು, ನನಗೊಬ್ಬಳಿಗೆ ಇವತ್ತಿನದು. ನಾನು ಅಂದ್ಕೊಂಡೆ, ಅಬ್ಬಾ, ಕೊನೆಗೂ ಒಬ್ರು ಪ್ರಾಮಾಣಿಕರು ಸಿಕ್ಕಿದ್ರು ಅಂತ."

"ಅಕ್ಕಾ, ಚಿಕ್ಕ ಹೋಟೆಲು," ಎಂದಳು ಹೆಂಗಸು ಸಣ್ಣ ದನಿಯಲ್ಲಿ. "ಉಳಿದಿದ್ದು ಚೆಲ್ಲಿದ್ರೆ ನನಗೆ ನಡೆಯಲ್ಲ. ಅಣ್ಣ ಬಂದು ಕೇಳ್ಕೊಂಡ್ರು. ಒಬ್ಬರಿಗೋಸ್ಕರ ಬೇರೆ ಅಡುಗೆ ಆಗಲ್ಲ ಅಂದೆ. ಪಾತ್ರೆ ತೊಳೆಯೋರು ಬಿಟ್ಟು ಹೋಗಿದ್ರು, ಆ ಕೆಲಸ ನಾನು ಮಾಡ್ತೀನಿ ಅಂದ್ರು."

ಕ್ಯಾಂಟೀನಮ್ಮ ಗಂಡನ ಕಡೆ ತಿರುಗಿದಳು. "ನನಗೆ ಹೇಳಬೇಕು ಅನ್ನಿಸಲಿಲ್ವಾ?"

"ಹೇಳಿದ್ರೆ ತಿಂತಿದ್ಯಾ?" ಎಂದ ಅವನು. ಅವನ ದನಿಯೂ ಏರಿತ್ತು. "ನಡೆದು ಹೋಗೋ ದೂರದಲ್ಲಿ, ಬಸ್ಸು ಹೋಗೋ ದೂರದಲ್ಲಿ ಇದ್ದಿದ್ದೆಲ್ಲ ಮುಗೀತು. ಇದೇ ಕೊನೇದು. ಇಲ್ಲೂ ನೀನು ಚಮಚ ಕೆಳಗಿಟ್ಟಿದ್ರೆ ನಾನು ನಿನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ? ಆಸ್ಪತ್ರೆಗೆ. ನನಗೆ ಭಯ ಆಯ್ತು ಕಣೇ."

"ಅಂತ ಸುಳ್ಳು ಹೇಳೋದಾ?"

ಅವನು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡ. ಆಮೇಲೆ ಕೇಳಿದ: "ಕ್ಯಾಂಟೀನಲ್ಲಿ ನನ್ನ ತಟ್ಟೆಗೆ ಯಾವ ಪಾತ್ರೆಯಿಂದ ಬಡಿಸ್ತಿದ್ದೆ ನೀನು?"

ಕ್ಯಾಂಟೀನಿನಲ್ಲೂ ನಿನ್ನೆಯದನ್ನು ಇವತ್ತಿನದರೊಳಗೆ ಸುರಿಯಬೇಕೆಂದು ಮ್ಯಾನೇಜರನ ಕಟ್ಟಪ್ಪಣೆಯಿತ್ತು. ಕೆಲಸಗಾರರೆಲ್ಲ ಅದನ್ನೇ ತಿನ್ನುತ್ತಿದ್ದರು. ಕೊನೆಯ ಟ್ರಿಪ್ಪು ಮುಗಿಸಿ ತಡವಾಗಿ ಬರುತ್ತಿದ್ದ ಒಬ್ಬ ಡ್ರೈವರಿಗೆ ಮಾತ್ರ ಅವಳು ಪುಟ್ಟ ಪಾತ್ರೆಯಲ್ಲಿ ಬೇರೆ ಮಾಡಿ, ಒಲೆಯ ಹಿಂದೆ ಮುಚ್ಚಿಡುತ್ತಿದ್ದಳು. ಮದುವೆಗೆ ಮುಂಚೆಯೂ, ಆಮೇಲೂ. ಯಾರಿಗಾದರೂ ತಿಳಿದರೆ ಕೆಲಸ ಹೋಗುತ್ತಿತ್ತು. ಮದುವೆಯಾದ ಮೇಲೂ ಅವನಿಗೆ ಬಾಯಿಬಿಟ್ಟಿರಲಿಲ್ಲ.

"ಯಾರು ಹೇಳಿದ್ರು ನಿಮಗೆ?"

"ಯಾರು ಹೇಳಬೇಕು? ಎಲ್ಲರೂ ಬೈಕೊಂಡು ತಿಂತಿದ್ರು, ನಾನೊಬ್ಬನೇ ತಟ್ಟೆ ನೆಕ್ತಿದ್ದೆ. ಇಷ್ಟೂ ಗೊತ್ತಾಗದಷ್ಟು ದಡ್ಡನಾ ನಾನು? ಗೊತ್ತು ಅಂದ್ರೆ ಎಲ್ಲಿ ನಿಲ್ಲಿಸಿಬಿಡ್ತೀಯೋ ಅಂತ ಸುಮ್ಮನೆ ಇದ್ದೆ."

ಕ್ಯಾಂಟೀನಮ್ಮನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಗಂಡನ ಅಂಗೈಯ ವಾಸನೆಯನ್ನೂ ಬಿಡದೆ ಮೂಸಿ ನೋಡಿದವಳಿಗೆ ಇದೊಂದು ಕಂಡಿರಲಿಲ್ಲ. ಅವಳಿಗೆ ಅಳು ಬಂತು, ಸಿಟ್ಟೂ ಪೂರ್ತಿ ಹೋಗಿರಲಿಲ್ಲ, ಅವನ ಗಡ್ಡದ ನೊರೆ ಒರೆಸಬೇಕೆನ್ನಿಸಿತು. ನಲ್ಲಿ ಇನ್ನೂ ಸುರಿಯುತ್ತಿತ್ತು. ಹೋಗಿ ತಿರುಗಿಸಿ ನಿಲ್ಲಿಸಿದಳು. ಅಲ್ಲೇ ಇದ್ದ ಸ್ಟೂಲು ಎಳೆದುಕೊಂಡು ಕೂತಳು.

"ನನಗೆ ಹಸಿವಾಗ್ತಿದೆ ಕಣ್ರೀ," ಎಂದಳು, ಅದೂ ಅವನದೇ ತಪ್ಪೆಂಬ ಹಾಗೆ.

ಹೋಟೆಲಿನ ಹೆಂಗಸು ಲಗುಬಗೆಯಿಂದ ಎರಡು ತಟ್ಟೆ ಒರೆಸಿದಳು. ಸೌಟು ಎತ್ತಿಕೊಂಡು, ಎರಡು ಒಲೆಗಳ ನಡುವೆ ನಿಂತು, ಹೆದರುತ್ತ ಕೇಳಿದಳು.

"ಯಾವುದರಿಂದ ಹಾಕ್ಲಿ ಅಕ್ಕಾ?"

"ಯಾವುದರಿಂದಾದ್ರೂ ಹಾಕಮ್ಮ," ಎಂದಳು ಕ್ಯಾಂಟೀನಮ್ಮ. "ಬೇಗ ಹಾಕು."