ಹೊಸ್ತಿಲಿಗೆ ಅಡ್ಡಬಿದ್ದ ಲೇತು

“ಒಂದು, ಎರಡು, ಹ್ಞಾ ಎತ್ರಿ” ಎಂದು ಹೊನ್ನೂರಪ್ಪ ಕೂಗಿದ. ಎಂಟು ಜನ ಗಂಡಸರು ಹಲ್ಲು ಕಚ್ಚಿ ಎತ್ತಿದರು. ಪೆಟ್ಟಿಗೆ ಗೇಣೆತ್ತರ ಮೇಲೆದ್ದು ಮತ್ತೆ ಅಲ್ಲೇ ಕೂತಿತು.

ಚಿತ್ತವಾಡ್ಗಿಯ ಆ ಮನೆಯ ಪಡಸಾಲೆಯಲ್ಲಿ ಅದು ತಲೆಬಾಗಿಲಿಗೆ ಅಡ್ಡವಾಗಿ ಬಿದ್ದಿತ್ತು. ಒಳಗಿದ್ದದ್ದು ಕಟ್ಟಿಗೆ ಕಡೆಯುವ ಹೊಸ ಲೇತು, ಎರಡೂವರೆ ಕ್ವಿಂಟಲ್ ಕಬ್ಬಿಣ. ಮೊನ್ನೆ ಸಂಜೆ ಟೆಂಪೋದವರು ಇಳಿಸಿ ಹೋಗಿದ್ದರು. ಅದನ್ನು ತರಿಸಿದ ಹಾಲಸ್ವಾಮಿ ನಿನ್ನೆ ಮಧ್ಯಾಹ್ನ ಉಂಡು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಈಗ ಅದೇ ಗೋಡೆಗೆ ಒರಗಿ, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು, ಬಿಳಿ ಪಂಚೆ ಉಟ್ಟು ಕುಳಿತಿದ್ದರು. ಲಿಂಗವಂತರು ಮಲಗಿಕೊಂಡು ಹೋಗುವುದಿಲ್ಲ, ಕುಳಿತೇ ಹೋಗುತ್ತಾರೆ. ಅವರನ್ನು ಕುರ್ಚಿಯ ಮೇಲೆ ಕೂರಿಸಿ, ನಾಲ್ವರು ಹಿಡಿದು, ಹೊರಗೆ ಚೆಂಡುಹೂವಿನಿಂದ ಸಿಂಗರಿಸಿಟ್ಟ ವಿಮಾನಕ್ಕೆ ಒಯ್ಯಬೇಕಿತ್ತು. ಪೆಟ್ಟಿಗೆ ಬಿಟ್ಟುಕೊಟ್ಟ ಸಂದಿಯಲ್ಲಿ ಒಬ್ಬ ಮನುಷ್ಯ ಉಸಿರು ಬಿಗಿಹಿಡಿದು ನುಸುಳಬಹುದಿತ್ತು, ಅಷ್ಟೆ.

“ಓಣ್ಯಾಗ ಇಡ್ರಿ ಅದನ್ನ” ಎಂದ ಮಗ ಸಿದ್ದಲಿಂಗೇಶ. ಸಂಡೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು ಅವನು, ಎಲ್ಲದಕ್ಕೂ ಒಂದು ವ್ಯವಸ್ಥೆ ಇರಬೇಕು. “ಹೆಂಗೂ ವಾಪಸ್ ಕಳಸೋದು. ಡಬ್ಬಿ ಒಡದಿಲ್ಲ ಅಂದ್ರ ತಗೋತೀವಿ ಅಂದಾರ. ಟೆಂಪೋಕ್ಕ ಫೋನ್ ಮಾಡೀನಿ, ಬರಾಕತ್ತೈತಿ.”

ಗಂಡನ ಪಕ್ಕದಲ್ಲಿ ಕುಳಿತಿದ್ದ ಸುವರ್ಣಮ್ಮನ ಅಳು ಅರ್ಧಕ್ಕೆ ನಿಂತಿತು. ಆಕೆಗೆ ಆ ಲೇತು ಬೇಕಾಗಿತ್ತು. ಆದರೆ ಗಂಡ ಇನ್ನೂ ಮನೆಯಲ್ಲೇ ಕುಳಿತಿರುವಾಗ ನನಗೆ ಮಷೀನು ಬೇಕು ಎಂದು ಯಾವ ಬಾಯಲ್ಲಿ ಹೇಳುವುದು? ಜನ ಏನೆಂದಾರು?

“ಸಿದ್ದೂ, ಹಂಗ ಮಾಡಬಾರದಪ್ಪ” ಎಂದಳು. “ಸತ್ತವರು ಹೊಸ್ತಿಲ ದಾಟೂ ಮುಂಚೆ ಮನಿ ಸಾಮಾನು ದಾಟಬಾರದು.”

ಇಂಥದೊಂದು ಪದ್ಧತಿ ಆ ಗಳಿಗೆಯವರೆಗೆ ಹೊಸಪೇಟೆ ಸುತ್ತಮುತ್ತ ಎಲ್ಲಿಯೂ ಇರಲಿಲ್ಲ. ತನ್ನ ಬಾಯಿಂದ ಅದು ಬಂದದ್ದು ಹೇಗೆಂದು ಸುವರ್ಣಮ್ಮನಿಗೇ ಆಶ್ಚರ್ಯವಾಯಿತು. ಹಾಲಸ್ವಾಮಿಯ ಅಕ್ಕ, ಕಂಪ್ಲಿಯಿಂದ ಬಂದಿದ್ದ ಎಂಬತ್ತು ದಾಟಿದ ತಾಯಕ್ಕ, ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿ ತಮ್ಮನ ಹೆಂಡತಿಯ ಮುಖವನ್ನು ಒಮ್ಮೆ ನೋಡಿದಳು.

“ಹೌದಲೇ, ನಮ್ಮಜ್ಜಿ ಕಾಲದಿಂದ ಐತಿ ಅದು” ಎಂದಳು. “ದಾಟಿಸಿದ ಮನಿ ಒಂದೂ ಉದ್ಧಾರ ಆಗಿಲ್ಲ.”

ತಮಗೆ ಗೊತ್ತಿಲ್ಲ ಎನ್ನುವುದು ಹೇಗೆಂದು, ಪೂಜೆ ಮಾಡಿಸಲು ಬಂದಿದ್ದ ಐನೋರೂ ತಲೆಯಾಡಿಸಿದರು.

ಹಾಗಾದರೆ ಉಳಿದದ್ದು ಪಡಸಾಲೆಯ ಮಗ್ಗುಲಿಗಿದ್ದ ಕೆಲಸದ ಕೋಣೆ. ಹೊನ್ನೂರಪ್ಪ ಅದರ ಬಾಗಿಲಿಗೆ ಮೊಳ ಹಾಕಿ ನೋಡಿದ. ಅಕ್ಕಿ ಮಿಲ್ಲಿನಲ್ಲಿ ಹಾಲಸ್ವಾಮಿಯ ಜೊತೆ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು.

“ಡಬ್ಬಿ ಸಮೇತ ಹೋಗಂಗಿಲ್ಲ. ಒಡದು, ಸ್ಟ್ಯಾಂಡ್ ನಿಲ್ಸಿ, ಅದರ ಮ್ಯಾಲ ಕುಂದರಸಬೇಕು. ನಾಳೆ ಎಂಟು ಮಂದಿನ ಎಲ್ಲಿಂದ ತರ್ತೀರಿ? ಇವತ್ತರ ಅದಾರ.”

“ಒಡದ್ರ ವಾಪಸ್ ತಗೊಳಂಗಿಲ್ಲ, ಮಾಮಾ.”

“ಒಡೀದಿದ್ರ ನಿಮ್ಮಪ್ಪ ಹೋಗಂಗಿಲ್ಲ.”

ಸಿದ್ದಲಿಂಗೇಶ ಬಾಯಿ ತೆರೆಯುವಷ್ಟರಲ್ಲಿ ಮೊದಲ ಹಲಗೆ ಕಿತ್ತು ಬಂತು.

*

ಆರು ವರ್ಷದ ಹಿಂದಿನ ಮಾತು. ಮಿಲ್ಲಿನಿಂದ ನಿವೃತ್ತರಾದ ಮೇಲೆ ಹಾಲಸ್ವಾಮಿ ಒಂದು ಹಳೆಯ ಮೋಟಾರಿಗೆ ತಾವೇ ಚೌಕಟ್ಟು ಕಟ್ಟಿ ಲೇತು ಮಾಡಿಕೊಂಡಿದ್ದರು. ಲಟ್ಟಣಿಗೆ, ಕಡಗೋಲು, ತೊಟ್ಟಿಲ ಕಾಲು ಕಡೆಯುವುದು ಅವರ ಗೀಳು. ಬಂಧುಬಳಗದಲ್ಲಿ ಯಾರದೇ ಮದುವೆಯಾದರೂ ಹಾಲಸ್ವಾಮಿಯ ಲಟ್ಟಣಿಗೆ ಹೋಗಲೇಬೇಕು. ಆ ಗರಗರ ಸದ್ದಿಗೆ ರೋಸಿದ ಸುವರ್ಣಮ್ಮ ಲೇತನ್ನು ಸವತಿ ಎಂದೇ ಕರೆಯುತ್ತಿದ್ದಳು.

ಒಂದು ಬೆಳಿಗ್ಗೆ ಅವರ ಕೈ ನಡುಗಿ ಉಳಿ ಜಾರಿತು. ಮರುದಿನವೂ ಜಾರಿತು. ಮೂರನೆಯ ದಿನ ಹೆಂಡತಿಯನ್ನು ಕರೆದು, “ಸುವರ್ಣಿ, ಸ್ವಲ್ಪ ನೀ ಹಿಡಿ” ಎಂದರು.

ಬೈಯುತ್ತಲೇ ಹಿಡಿದಳು. ಉಳಿಯ ಬಾಯಿಂದ ಸಿಪ್ಪೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಎದ್ದು ಮುಂಗೈಗೆ ಸುತ್ತಿಕೊಂಡಿತು. ಮಧ್ಯಾಹ್ನದವರೆಗೂ ಆಕೆ ಅಡಿಗೆಮನೆಯ ಕಡೆ ಸುಳಿಯಲಿಲ್ಲ.

ಅಂದಿನಿಂದ ಕಡೆಯುವವಳು ಆಕೆ, ಮರಳುಕಾಗದ ತಿಕ್ಕುವವರು ಅವರು. ಹೊಗಳಿಸಿಕೊಳ್ಳುವವರೂ ಅವರೇ.

“ನನ್ನ ಮನಸ್ಸಿಗೆ ಛಲೋ ಅನಸಂಗಿಲ್ಲ, ಹೇಳ್ಬಿಡ್ತೀನಿ” ಎಂದು ಅವರು ಎಷ್ಟೋ ಸಲ ಅಂದದ್ದುಂಟು.

“ಬ್ಯಾಡ್ರಿ. ಮೊಮ್ಮಕ್ಕಳ ಕಂಡಾಕಿ ಮಷೀನ್ ಮುಂದ ನಿಂತಾಳ ಅಂದ್ರ ಮಂದಿ ನಗ್ತಾರ.”

ಹೀಗಿರುವಾಗ ಅವರು ಹೊಸ ಲೇತಿಗೆ ಹೇಳಿಬಂದಾಗ ಆಕೆಗೆ ರೇಗಿತು. ಕೈ ನಡುಗುವವರಿಗೆ ಅಷ್ಟು ದೊಡ್ಡ ಮಷೀನು ಯಾಕೆಂದು ಕೇಳಿದಳು. “ಬರ್ಲಿ ತಡಿ, ನೋಡೀಯಂತ” ಎಂದು ನಕ್ಕರು. ಪೆಟ್ಟಿಗೆ ಒಡೆದು ತೋರಿಸುವ ಮೊದಲೇ ಹೋಗಿಬಿಟ್ಟರು.

*

ಹೊರಗೆ ಭಜನೆ, ಒಳಗೆ ಸುತ್ತಿಗೆ. ಹಾಲಸ್ವಾಮಿ ಹಳೆಯ ಲೇತನ್ನು ಬಿಚ್ಚಿಹಾಕಿ ಮೊದಲೇ ನೆಲದಲ್ಲಿ ಹೂತಿಟ್ಟಿದ್ದ ನಾಲ್ಕು ಬೋಲ್ಟುಗಳಿಗೆ ಸ್ಟ್ಯಾಂಡು ಕರಾರುವಾಕ್ಕಾಗಿ ಕೂತಿತು. ಎಂಟು ಜನ ಬೆವರು ಸುರಿಸಿ ಅದರ ಮೇಲೆ ಲೇತಿನ ಮೈಯನ್ನು ಇಳಿಸಿದರು. ಹೊನ್ನೂರಪ್ಪ ಐನೋರ ಪೂಜೆಯ ತಟ್ಟೆಯನ್ನೇ ಎತ್ತಿ ತಂದು, ಅದರಲ್ಲಿ ನೀರು ಸುರಿದು ಮಟ್ಟ ನೋಡಿದ. ಐನೋರು ಗಡಿಯಾರ ನೋಡಿದರು. ಸುವರ್ಣಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಬಂದು, ಕಬ್ಬಿಣಕ್ಕೆ ಬಳಿದಿದ್ದ ಗ್ರೀಸನ್ನು ಹಳೇ ಬಟ್ಟೆಯಿಂದ ಒರೆಸತೊಡಗಿದಳು. ದುಃಖಕ್ಕೆ ಹಾಗೆ ಮಾಡುತ್ತಿದ್ದಾಳೆಂದು ಎಲ್ಲರೂ ಸುಮ್ಮನಿದ್ದರು. ದುಃಖವೂ ಇತ್ತು.

ಮೋಟಾರು ಕೂರಿಸಿದ ಮೇಲೆ ಹೊನ್ನೂರಪ್ಪ ಲೇತಿನ ಮುಂದೆ ನಿಂತು ಮುಖ ಗಂಟಿಕ್ಕಿದ.

“ಕಟ್ಟಿಗೆ ತಿರುಗೋ ಜಾಗ ಕಡಿಯೋನ ಮೊಣಕೈ ಮಟ್ಟಕ್ಕ ಬರಬೇಕು. ನಮ್ಮಣ್ಣ ಆರಡಿ ಆಳು. ಇದು ಅಂವನ ಸೊಂಟಕ್ಕ ಬರತೈತಲ್ಲ?”

ಲೇತು ಮಾಡುವವರಿಗೆ ಅಳತೆ ಬರೆದುಕೊಟ್ಟಿದ್ದ ಚೀಟಿ ಸ್ಟ್ಯಾಂಡಿಗೇ ಕಟ್ಟಿತ್ತು, ಬಿಚ್ಚಿ ಓದಿದ. ಅಕ್ಷರ ಹಾಲಸ್ವಾಮಿಯವೇ. ಇಂಚು ಬರೆದು, ಕೆಳಗೆ ‘ಒಂದು ನೂಲೂ ಹೆಚ್ಚುಕಡಿಮೆ ಆಗಬಾರದು’ ಎಂದು ಗೆರೆ ಎಳೆದಿದ್ದರು.

“ಮಿಲ್ಲಿನ್ಯಾಗ ಒಂದಿನ ಅಳತಿ ತಪ್ಪಿದವ ಅಲ್ಲ. ವಯಸ್ಸಾತು, ಪಾಪ.”

“ನೋಡವ್ವಾ, ಅಳತೀನ ತಪ್ಪೈತಿ” ಎಂದ ಸಿದ್ದಲಿಂಗೇಶ. “ಯಾರಿಗೂ ಉಪಯೋಗಿಲ್ಲ. ನಟ್ಟು ಬಿಗಿಯೋದು ಬ್ಯಾಡ. ಮಣ್ಣು ಮುಗಿಸಿ ಬಂದು ಬಿಚ್ಚಿ, ಹೆಂಗರ ಮಾಡಿ ಕಳಸ್ತೀನಿ.”

ಸುವರ್ಣಮ್ಮ ಬಟ್ಟೆ ಕೆಳಗಿಟ್ಟಳು. ಹೋದ ತಿಂಗಳು ಅವರು ತನ್ನನ್ನು ಬರಿಗಾಲಲ್ಲಿ ನೆಟ್ಟಗೆ ನಿಲ್ಲಿಸಿ, ಅಡಿಗೆಮನೆ ಕಟ್ಟೆ ಎತ್ತರಿಸೋಣ ಎಂದು ಟೇಪು ಹಿಡಿದಿದ್ದರು. ಅದೇ ಟೇಪಿನ ತಣ್ಣಗಿನ ತುದಿ ತೋಳಿಗೆ ತಾಗಿದಂತಾಯಿತು. ಸೆರಗು ಸಿಕ್ಕಿಸಿ ಲೇತಿನ ಮುಂದೆ ಹೋಗಿ ನಿಂತು, ಉಳಿ ಹಿಡಿದವಳಂತೆ ಕೈ ಮಡಚಿದಳು. ಮೊಣಕೈ ಸರಿಯಾಗಿ ಅಲ್ಲಿಗೇ ಬಂತು.

ಹೊನ್ನೂರಪ್ಪ ಚೀಟಿಯನ್ನು ಮತ್ತೊಮ್ಮೆ ಓದಿದ.

“ಆರು ವರ್ಷ ಎರಡು ಇಟ್ಟಂಗಿ ಮ್ಯಾಲ ನಿಂತು ಕಡದೀನಿ” ಎಂದಳು ಸುವರ್ಣಮ್ಮ. “ಅವರ ಕೈ ನಡಗತಿದ್ವು. ಲಟ್ಟಣಿಗಿ, ಕಡಗೋಲು ಎಲ್ಲಾ ನಂದ. ಇದು ಹೋಗೋದು ಬ್ಯಾಡ. ನನಗ ಬೇಕು.”

“ಅದಕ್ಕ ಮತ್ತ” ಎಂದಳು ಬಾಗಿಲಲ್ಲಿ ನಿಂತಿದ್ದ ತಾಯಕ್ಕ. “ನನ್ನ ತಮ್ಮ ಮಾಡಿದವು ಒಂದು ಕಡಿ ದಪ್ಪ ಇರ್ತಿದ್ವು. ಇತ್ತಿತ್ಲಾಗ ನನ್ನ ಚಪಾತಿ ದುಂಡಗ ಯಾಕ ಬರಾಕತ್ಯಾವ ಅಂತ ನಾನೂ ವಿಚಾರ ಮಾಡ್ತಿದ್ದೆ.”

ಮೊದಲು ನಕ್ಕವಳು ಸುವರ್ಣಮ್ಮನೇ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಹೊರಗಿನ ಭಜನೆಯವರು ತಾಳ ನಿಲ್ಲಿಸಿ ಕಿಟಕಿಯಲ್ಲಿ ಇಣುಕಿದರು.

ಸಿದ್ದಲಿಂಗೇಶ ಮಾತ್ರ ತಾಯಿಯ ಕೈಗಳನ್ನೇ ನೋಡುತ್ತಿದ್ದ.

“ನಮ್ಮ ಮನ್ಯಾಗಿನ ಲಟ್ಟಣಿಗಿ?”

“ಅದೂ ನಂದ.”

ಅವನು ಮೊಣಕಾಲೂರಿ ಕೂತು ಹೊನ್ನೂರಪ್ಪನ ಕೈಯಿಂದ ನಟ್ಟು ತಿರುಗಿಸುವ ಪಾನಾ ಇಸಿದುಕೊಂಡ. “ಬಿಗೀಲೇನವ್ವಾ?”

“ಬಿಗಿ. ಅಲುಗಾಡಬಾರದು.”

ಪಡಸಾಲೆ ಬಯಲಾಗಿತ್ತು. ಹಾಲಸ್ವಾಮಿಯನ್ನು ಕುರ್ಚಿಯಲ್ಲಿ ಕೂರಿಸಿದರು. ಸುವರ್ಣಮ್ಮ ಕೆಳಗೆ ಕುಸಿದು, ಗಂಡನ ಮೊಣಕಾಲುಗಳನ್ನು ಎರಡೂ ಕೈಯಿಂದ ಹಿಡಿದು, ಬೆಳಗಿನಿಂದ ಅತ್ತಿರದಷ್ಟು ಅತ್ತಳು. ಏಳುವಾಗ ಬಿಳಿ ಪಂಚೆಯ ಮೇಲೆ ಆಕೆಯ ಹತ್ತು ಬೆರಳೂ ಗ್ರೀಸಿನ ಕಪ್ಪಿನಲ್ಲಿ ಒತ್ತಿ ಮೂಡಿದ್ದವು. ಯಾರೋ ಬೇರೆ ಪಂಚೆ ತರಲು ಓಡಿದರು.

“ಬ್ಯಾಡ, ಇರ್ಲಿ ಬಿಡ್ರಿ” ಎಂದಳು ತಾಯಕ್ಕ.

ನಾಲ್ವರು ಕುರ್ಚಿ ಎತ್ತಿದರು. ಮೊಣಕಾಲ ಮೇಲೆ ಹತ್ತು ಕಪ್ಪು ಬೆರಳು ಹೊತ್ತು, ಎಲ್ಲರಿಗೂ ಕಾಣುವ ಹಾಗೆ, ಹಾಲಸ್ವಾಮಿ ಹೊಸ್ತಿಲು ದಾಟಿದರು.